ಮೂರನೆಯ ಅವಧಿಗೆ ಉಳಿಯದವನು

ಡೆಲ್ಬರ್ಟ್ ಎನ್ಸ್ ಮನೆಯಲ್ಲಾಗಲಿ, ಚರ್ಚಿನಲ್ಲಾಗಲಿ, ಪೋಸ್ಟಾಫೀಸಿನಲ್ಲಾಗಲಿ ಒಂದೇ ಒಂದು ಸುಳ್ಳು ಹೇಳಿದವನಲ್ಲ. ಐಸ್ ಹಾಕಿ ಆಟದ ಮಂಜುಗಡ್ಡೆಯ ಅಂಗಳವಾದ ರಿಂಕಿನೊಳಗೆ ಒಂದೇ ಒಂದು ನಿಜ ಹೇಳಿದವನೂ ಅಲ್ಲ. ಎರಡೂ ವ್ರತಗಳನ್ನು ಇಪ್ಪತ್ತೇಳು ವರ್ಷ ಒಂದೇ ಶ್ರದ್ಧೆಯಿಂದ ಪಾಲಿಸಿಕೊಂಡು ಬಂದಿದ್ದ.

ನಾವಿಬ್ಬರೂ ಒಂದೇ ವೃತ್ತಿಪರ ಹಾಕಿ ಕ್ಲಬ್ಬಿಗೆ ಆಟಗಾರರನ್ನು ಹುಡುಕುವ ಸ್ಕೌಟ್‌ಗಳು. ಸೆಪ್ಟೆಂಬರಿನಿಂದ ಮಾರ್ಚ್‌ವರೆಗೆ ಕೆನಡಾದ ಸಸ್ಕ್ಯಾಚುವಾನ್ ಪ್ರಾಂತ್ಯದ ಊರೂರು ಅಲೆಯುವುದು, ಹದಿನೇಳು ಹದಿನೆಂಟರ ಹುಡುಗರು ಆಡುವುದನ್ನು ನೋಡುವುದು, ಇವನು ಅವನಿಗಿಂತ ಮೇಲೋ ಕೆಳಗೋ ಎಂದು ಬರೆದು ಕಳಿಸುವುದು. ಜೂನ್ ಕೊನೆಗೆ ಡ್ರಾಫ್ಟ್ ನಡೆಯುತ್ತದೆ. ಮೂವತ್ತೆರಡು ವೃತ್ತಿಪರ ತಂಡಗಳು ಏಳು ಸುತ್ತುಗಳಲ್ಲಿ ತಮಗೆ ಬೇಕಾದ ಹುಡುಗರ ಹೆಸರು ಕೂಗುತ್ತವೆ. ಹೆಸರು ಬಂದವನ ಊರಿನವರು ಹೆದ್ದಾರಿಯ ಪಕ್ಕ ಬೋರ್ಡು ನೆಡುತ್ತಾರೆ. ಬಾರದವನ ತಾಯಿ ಒಂದು ತಿಂಗಳು ಬೇರೆ ಬೀದಿಯಿಂದ ಸುತ್ತಿ ಅಂಗಡಿಗೆ ಹೋಗುತ್ತಾಳೆ.

ಆ ವರ್ಷ ಸೆಪ್ಟೆಂಬರಿನಲ್ಲೇ ಕ್ಲಬ್ಬಿನಿಂದ ಡೆಲ್ಬರ್ಟನಿಗೆ ಕಾಗದ ಬಂದಿತ್ತು. ಮೊದಲ ಎರಡು ಸಾಲಿನಲ್ಲಿ ಅವನ ಸೇವೆಯನ್ನು ಹೊಗಳಿ, ಮೂರನೆಯದರಲ್ಲಿ ವಿಷಯಕ್ಕೆ ಬಂದಿದ್ದರು. ಕಳೆದ ಒಂಬತ್ತು ಡ್ರಾಫ್ಟ್‌ಗಳಲ್ಲಿ ಅವನು ಆರಿಸಿಕೊಟ್ಟ ಒಬ್ಬ ಹುಡುಗನೂ ದೊಡ್ಡ ತಂಡದವರೆಗೆ ಬಂದಿರಲಿಲ್ಲ. ಈ ಸಲವೂ ಹೇಳಿಕೊಳ್ಳುವಂಥ ಹೆಸರೊಂದನ್ನು ಅವನು ತರದಿದ್ದರೆ ಜೂನ್ ಮೂವತ್ತರ ನಂತರ ವಿಶ್ರಾಂತಿ ಪಡೆಯಬಹುದು. ಡೆಲ್ಬರ್ಟನಿಗೆ ಅರವತ್ತನಾಲ್ಕು. ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ವಿಶ್ರಾಂತಿ ಎಂಬ ಪದವನ್ನು ಆ ಕಾಗದ ಬರೆದವನು ಬಹುಶಃ ಒಳ್ಳೆಯ ಮನಸ್ಸಿನಿಂದಲೇ ಬಳಸಿದ್ದ.

"ಒಬ್ಬ ಹುಡುಗ ಸಾಕು ಬಾಬ್ಸ್," ಎಂದ ಡೆಲ್ಬರ್ಟ್, ಕಾಗದ ಮಡಿಸಿ ಜೇಬಿಗಿಡುತ್ತ. "ಒಬ್ಬನೇ ಒಬ್ಬ."

ನನ್ನ ಹೆಸರು ಓರೆಸ್ಟ್ ಬಾಬಿಯಾಕ್. ಹಾಕಿಯವರಿಗೆ ಯಾರ ಹೆಸರನ್ನೂ ಪೂರ್ತಿ ಹೇಳುವ ತಾಳ್ಮೆ ಇರುವುದಿಲ್ಲ. ಹಾಗಾಗಿ ನಾನು ಬಾಬ್ಸ್, ಅವನು ಎನ್ಸಿ.

"ಯಾರಾದ್ರೂ ಕಣ್ಣಿಗೆ ಬಿದ್ದಿದಾನಾ?" ಎಂದೆ.

"ಇನ್ನೂ ಇಲ್ಲ."

ಆ ಮಾತು ಹೇಳುವಾಗ ನಾವು ರಿಂಕಿನೊಳಗಿದ್ದೆವು. ನಾನು ಅದನ್ನು ಗಮನಿಸಬೇಕಿತ್ತು.

ನಮ್ಮ ವೃತ್ತಿಯಲ್ಲಿ ಒಂದು ಕಟ್ಟಳೆಯಿದೆ. ಎಲ್ಲೂ ಬರೆದಿಲ್ಲ, ಆದರೆ ಮೀರಿದವರು ಕಡಿಮೆ. ಹಿಡಿಸಿದ ಹುಡುಗನ ಮೇಲೆ ನಮ್ಮ ಕಣ್ಣಿದೆ ಎಂದು ಪಕ್ಕದ ಕುರ್ಚಿಯವನಿಗೆ ತಿಳಿಯಬಾರದು. ಪಕ್ಕದವನಿಗೆ ತಿಳಿದರೆ ಅವನ ತಂಡಕ್ಕೆ ತಿಳಿಯಿತು. ಅವರ ತಂಡ ಒಂದು ಸುತ್ತು ಮೊದಲೇ ಹುಡುಗನ ಹೆಸರು ಕೂಗಿತು, ನಾವು ಮೂರು ವರ್ಷ ಚಳಿಯಲ್ಲಿ ಕೂತದ್ದು ನೀರಿನಲ್ಲಿ ಹೋಮವಾಯಿತು. ಆದ್ದರಿಂದ ಹಿಡಿಸಿದ ಹುಡುಗ ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆಯನ್ನು ಅಟ್ಟಿಕೊಂಡು ಬರುವಾಗ ನಾವು ಜೇಬಿನಲ್ಲಿ ಕೀಲಿಕೈ ಹುಡುಕುತ್ತೇವೆ. ಅವನು ಗೋಲು ಹೊಡೆದಾಗ ಆಕಳಿಸುತ್ತೇವೆ. ಯಾರಾದರೂ ಕೇಳಿದರೆ ಅವನಲ್ಲಿ ಒಂದು ಕುಂದು ಹುಡುಕಿ ಹೇಳುತ್ತೇವೆ. ತೀರಾ ಹಿಡಿಸಿದರೆ ಆಟ ಮುಗಿಯುವ ಮೊದಲೇ ಬೇಸರ ಬಂದವರಂತೆ ಎದ್ದು ಹೋಗುತ್ತೇವೆ.

ಎಲ್ಲರೂ ಇದನ್ನು ಅಷ್ಟೋ ಇಷ್ಟೋ ಮಾಡುವವರೇ. ಎನ್ಸಿ ಮಾತ್ರ ಇದನ್ನು ಧರ್ಮದಂತೆ ಆಚರಿಸುತ್ತಿದ್ದ.

ಸ್ಟೋನಿಬೆಂಡ್ ಎಂಬ ಊರಿನ ಜೂನಿಯರ್ ತಂಡದಲ್ಲಿ ಆ ವರ್ಷ ನಾವು ಹೋಲಿಸಿ ನೋಡಬೇಕಾದ ಹುಡುಗರು ಇಬ್ಬರು. ಒಬ್ಬ ಬ್ರಾಂಡ್ ಸ್ಟೆಫಾನ್ಸನ್. ಆರಡಿ ಮೂರಂಗುಲ, ಪಾದ ನೋಡಿದರೆ ಇನ್ನೂ ಬೆಳೆಯುವ ಜಾತಿ. ನಾವು ಹುಡುಗನ ಪಾದ ನೋಡುತ್ತೇವೆ, ತಾಯಿಯ ಎತ್ತರ ನೋಡುತ್ತೇವೆ, ತಂದೆಯ ಭುಜ ನೋಡುತ್ತೇವೆ. ಕರು ಕೊಳ್ಳುವವರೂ ಇಷ್ಟು ನಾಚಿಕೆ ಬಿಟ್ಟು ನೋಡಲಾರರು. ಸ್ಟೆಫಾನ್ಸನ್‌ನ ತಾಯಿ ಐದಡಿ ಹನ್ನೊಂದು. ಆ ಮಹಾತಾಯಿ ಬಾಗಿಲಲ್ಲಿ ಕಾಣಿಸಿಕೊಂಡ ದಿನ ಸ್ಕೌಟ್‌ಗಳ ಸಾಲಿನಲ್ಲಿ ಏಳು ಪೆನ್ನುಗಳು ಒಟ್ಟಿಗೆ ಓಡಿದ್ದವು. ಹುಡುಗನಿಗೆ ಆಟ ಬರುತ್ತಿತ್ತೇ ಎಂದರೆ, ಬರುತ್ತಿತ್ತು. ಬಿಲ್ಲೆ ತಾನಾಗಿ ಅವನ ಹತ್ತಿರ ಬಂದರೆ ಏನು ಮಾಡಬೇಕೆಂದು ಅವನಿಗೆ ಗೊತ್ತಿತ್ತು.

ಇನ್ನೊಬ್ಬ ವೇಡ್ ಲವಲೀ. ಉತ್ತರದ ಕಡೆಯ, ಮೂಲನಿವಾಸಿ ಮತ್ತು ಫ್ರೆಂಚ್ ಬೇರುಗಳ ಮೆಟಿಸ್ ಸಮುದಾಯದ ಹುಡುಗ, ಐದಡಿ ಹತ್ತು, ಬೆನ್ನ ಮೇಲೆ ಹನ್ನೊಂದನೆಯ ನಂಬರು. ಮನೆ ಆರು ತಾಸಿನ ದಾರಿ ದೂರವಾದ್ದರಿಂದ, ಜೂನಿಯರ್ ಆಟಗಾರರೆಲ್ಲ ಇರುವಂತೆ, ಊರಿನವರೊಬ್ಬರ ಮನೆಯಲ್ಲಿ ಇರುತ್ತಿದ್ದ. ನೆಟ್ಟಿ ಫ್ರೀಸನ್ ಎಂಬ ವಿಧವೆ ಅವನಿಗೆ ಊಟ ಹಾಕಿ, ಬಟ್ಟೆ ಒಗೆದು, ಪ್ರತಿ ಆಟಕ್ಕೂ ಬಂದು ಎದುರಾಳಿಗಳನ್ನು ಬಯ್ಯುತ್ತಿದ್ದಳು.

ಜನವರಿಯಲ್ಲಿ ಒಂದು ಶನಿವಾರ ನಾವು ಎನ್ಸಿಯ ಪಿಕಪ್‌ನಲ್ಲಿ ಅಲ್ಲಿಗೆ ಹೋದೆವು. ಹೊರಗೆ ಮೈನಸ್ ಮೂವತ್ತೆಂಟು. ಒಳಗೆ ಅದಕ್ಕಿಂತ ಬಹಳ ಬೆಚ್ಚಗೇನೂ ಇರಲಿಲ್ಲ. ಎನ್ಸಿ ತನ್ನ ಕಂದು ತುಪ್ಪಳದ ಟೋಪಿ ಹಾಕಿಕೊಂಡಿದ್ದ. ಕಿವಿ ಮುಚ್ಚುವ ರೆಕ್ಕೆಗಳಿದ್ದ, ಅವನ ಮಾವ ಬಿಟ್ಟುಹೋದ ಟೋಪಿ. ಅದು ರಿಂಕಿನ ಯಾವ ಮೂಲೆಯಿಂದ ನೋಡಿದರೂ ಕಾಣುತ್ತಿತ್ತು. ಗುಟ್ಟೇ ಉಸಿರಾಗಿದ್ದ ಮನುಷ್ಯ ಅಂಥ ಟೋಪಿ ಹಾಕುತ್ತಾನಲ್ಲ ಎಂದು ನನಗೆ ಒಂದು ದಿನವೂ ಅನಿಸಲಿಲ್ಲ. ಚಳಿ ಅಷ್ಟಿತ್ತು.

ನಮ್ಮ ಪಕ್ಕ ಬೇರೆ ತಂಡದ ಸ್ಕೌಟ್ ಒಬ್ಬ ಕಾಗದದ ತಟ್ಟೆಯಲ್ಲಿ ಕಡುಬಿನಂಥ ಪೆರೋಗಿ ಇಟ್ಟುಕೊಂಡು ಕೂತಿದ್ದ. ಬಾಯಿ ತುಂಬ ಆಲೂಗಡ್ಡೆ ಇದ್ದಾಗಲೇ ಕೇಳಿದ, "ಎನ್ಸಿ, ಆ ಹನ್ನೊಂದು ನಂಬರಿನವನು ಹೇಗೆ?"

ಆ ಹೊತ್ತಿಗೆ ಸರಿಯಾಗಿ ಲವಲೀ ಇಬ್ಬರ ನಡುವೆ ನುಸುಳಿ, ಬಿಲ್ಲೆಯನ್ನು ಮೂರನೆಯವನ ಕಾಲ ಸಂದಿಯಲ್ಲಿ ತೂರಿಸಿ, ತಾನು ಆ ಕಡೆಯಿಂದ ಸುತ್ತಿ ಹೋಗಿ ಅದನ್ನು ಎತ್ತಿಕೊಂಡಿದ್ದ. ಎನ್ಸಿ ಕಾಫಿ ಲೋಟದೊಳಗೆ ನೋಡುತ್ತಿದ್ದ.

"ಯಾವ ಹನ್ನೊಂದು?" ಎಂದ.

"ಅದೇ ಮಾರಾಯ, ಲವಲೀ."

"ಓ, ಅವನಾ." ಎನ್ಸಿ ಕಾಫಿ ಗುಟುಕರಿಸಿದ. "ಮೆದು. ಮೂಲೆಗೆ ಹೋಗಬೇಕು ಅಂದ್ರೆ ಆಗದ ಚಿಕ್ಕಮ್ಮನ ಮನೆಗೆ ಹೋಗೋ ಹಾಗೆ ಕಾಲೆಳೀತಾ ಹೋಗ್ತಾನೆ."

"ಹೌದಾ? ನನಗೇನೋ ಚೂಪಾಗಿ ಕಂಡ."

"ಹಸಿವಾದಾಗ ಎಲ್ಲಾನೂ ಹಾಗೇ ಕಾಣತ್ತೆ. ನೀನು ತಿನ್ನು."

ಇಪ್ಪತ್ತು ನಿಮಿಷದ ಮೂರು ಅವಧಿಗಳಲ್ಲಿ ಎರಡನೆಯದು ಮುಗಿಯುತ್ತ ಬಂದಾಗ ಎನ್ಸಿ ಗಟ್ಟಿಯಾಗಿ ನಿಟ್ಟುಸಿರು ಬಿಟ್ಟು ಎದ್ದ. "ಇದನ್ನ ನೋಡೋದಕ್ಕಿಂತ ಗಾಡಿ ಬೆಚ್ಚಗೆ ಮಾಡೋದು ವಾಸಿ," ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಮೆಟ್ಟಿಲಿಳಿದು ಹೋದ. ಪೆರೋಗಿಯವನು ತನ್ನ ಪುಸ್ತಕದಲ್ಲಿ ಏನೋ ಹೊಡೆದುಹಾಕಿದ್ದನ್ನು ನಾನೇ ನೋಡಿದೆ.

ನಾನು ಉಳಿದೆ. ನನ್ನದೊಂದು ನಂಬಿಕೆಯಿದೆ, ಹುಡುಗರ ಕಾಲು ದಣಿದ ಮೇಲೆಯೇ ಅವರ ಗುಣ ಕಾಣುವುದು. ಮೂರನೆಯ ಅವಧಿಯಲ್ಲಿ ಲವಲೀ ಮೆದುವಾಗಿದ್ದ. ಬಿಲ್ಲೆ ರಿಂಕಿನ ಮೂಲೆಗೆ, ಗುದ್ದಾಟದ ಜಾಗಕ್ಕೆ, ಹೋದಾಗ ಅವನು ಅರ್ಧ ದಾರಿ ಹೋಗಿ ತಿರುಗುತ್ತಿದ್ದ. ಯಾರೋ ಭುಜ ಕೊಟ್ಟರೆ ತಗ್ಗಿ ಜಾಗ ಬಿಡುತ್ತಿದ್ದ. ಎನ್ಸಿ ಸರಿಯಾಗಿಯೇ ಹೇಳಿದ್ದಾನೆ ಎಂದುಕೊಂಡೆ. "ಮೆದು" ಎಂದು ಬರೆದೆ, ಕೆಳಗೆ ಗೆರೆಯನ್ನೂ ಎಳೆದೆ.

ಹೊರಗೆ ಪಿಕಪ್ ಹೊಗೆಯುಗುಳುತ್ತ ನಿಂತಿತ್ತು. ಎನ್ಸಿ ಒಳಗೆ ಕೂತು ಸ್ಥಳೀಯ ರೇಡಿಯೋ ಕೇಳುತ್ತಿದ್ದ. ನಾನು ಬಾಗಿಲು ತೆರೆದ ತಕ್ಷಣ ಆರಿಸಿದ.

ಆ ಚಳಿಗಾಲವೂ ಅದರ ಹಿಂದಿನದೂ ಸೇರಿ ಎನ್ಸಿ ಲವಲೀಯ ಆಟವನ್ನು ಹನ್ನೊಂದು ಸಲ ನೋಡಿದ. ಅದರಲ್ಲಿ ಐದು ಸಲ ನಾನೂ ಜೊತೆಗಿದ್ದೆ. ಐದೂ ಸಲ ಅವನು ಎರಡನೆಯ ಅವಧಿಯಲ್ಲಿ ಎದ್ದು ಹೋದ. ಐದೂ ಸಲ ಹುಡುಗ ಮೂರನೆಯದರಲ್ಲಿ ಮೆದುವಾಗಿದ್ದ. ಒಂದರ ಪಕ್ಕ ಒಂದು ಕಂಡದ್ದನ್ನು ಕೂಡಿಸಿ ನೋಡುವುದಕ್ಕೇ ನನಗೆ ಸಂಬಳ. ಈ ಎರಡನ್ನು ಮಾತ್ರ ನಾನು ಕೂಡಿಸಲಿಲ್ಲ.

ಮೇ ತಿಂಗಳಲ್ಲಿ ಕ್ಯಾಲ್ಗರಿಯ ಒಂದು ಹೋಟೆಲಿನಲ್ಲಿ ಪಟ್ಟಿಯ ಸಭೆ. ಎಲ್ಲ ಸ್ಕೌಟ್‌ಗಳೂ ಸೇರಿ ಹುಡುಗರನ್ನು ಒಬ್ಬರ ಕೆಳಗೆ ಒಬ್ಬರಂತೆ ಜೋಡಿಸುವ ಸಭೆ. ಗೋಡೆಯ ತುಂಬ ಕಬ್ಬಿಣದ ಹಲಗೆ, ಅದರ ಮೇಲೆ ಅಯಸ್ಕಾಂತದ ಪಟ್ಟಿಗಳಲ್ಲಿ ಹೆಸರುಗಳು. ಹಲಗೆಯ ಮುಂದೆ ನಮ್ಮ ಮುಖ್ಯಸ್ಥ ರೆಜಾನ್ ನಿಂತಿದ್ದ. ಕ್ವಿಬೆಕ್‌ನವನು, ಸಿಟ್ಟು ಬಂದಾಗಲೂ ಕೋಟಿನ ಗುಂಡಿ ಬಿಚ್ಚದವನು.

ದಾರಿಯಲ್ಲಿ ಎನ್ಸಿ ಅಪರೂಪಕ್ಕೆ ಶಿಳ್ಳೆ ಹಾಕುತ್ತಿದ್ದ. "ನನ್ನ ಹತ್ರ ಒಬ್ಬ ಇದಾನೆ ಬಾಬ್ಸ್," ಎಂದ, ಮೆಡಿಸಿನ್ ಹ್ಯಾಟ್ ಎಂಬ ಊರು ದಾಟಿದ ಮೇಲೆ. "ಎರಡು ವರ್ಷದಿಂದ ಮುಚ್ಚಿಟ್ಟಿದೀನಿ. ಯಾವ ತಂಡದ ಪಟ್ಟಿಯಲ್ಲೂ ಇಲ್ಲ. ಐದನೇ ಸುತ್ತಲ್ಲಿ ತಗೊಂಡ್ರೂ ಸಾಕು, ಯಾರೂ ಮುಟ್ಟಲ್ಲ. ಅವನೊಬ್ಬ ಸಿಕ್ಕಿದ್ರೆ ರೆಜಾನ್ ನನ್ನನ್ನ ತೆಗೆಯೋ ಮಾತೇ ಆಡಲ್ಲ."

"ಯಾರೋ ಅವನು?"

ಎನ್ಸಿ ಹಿಂದಿನ ಸೀಟಿನ ಕಡೆ ಒಮ್ಮೆ ತಿರುಗಿ ನೋಡಿದ. ಅಲ್ಲಿ ನನ್ನ ಚೀಲವೂ ಅರ್ಧ ಪ್ಯಾಕೆಟ್ ಸೂರ್ಯಕಾಂತಿ ಬೀಜವೂ ಇದ್ದವು. "ಸಭೆಯಲ್ಲಿ ಹೇಳ್ತೀನಿ," ಎಂದ.

ಎರಡನೆಯ ದಿನ ಮಧ್ಯಾಹ್ನ ನಮ್ಮ ಪ್ರಾಂತ್ಯದ ಸರದಿ ಬಂತು. ಹಲಗೆಯ ಮೇಲೆ ಒಂದೇ ಜಾಗ ಉಳಿದಿತ್ತು. ರೆಜಾನ್ ಸ್ಟೆಫಾನ್ಸನ್‌ನ ಹೆಸರಿನ ಪಟ್ಟಿಯನ್ನು ಕೈಯಲ್ಲಿ ಹಿಡಿದು, "ಇದಕ್ಕೆ ಯಾರದ್ದಾದರೂ ತಕರಾರು ಇದೆಯಾ?" ಎಂದ. ಕೇಳಿದ ದನಿಯಲ್ಲಿ ತಕರಾರಿಗೆ ಜಾಗವಿರಲಿಲ್ಲ.

ಎನ್ಸಿ ಎದ್ದು ನಿಂತ. ಅವನು ಎದ್ದು ನಿಂತು ಮಾತಾಡಿದ್ದನ್ನು ಇಪ್ಪತ್ತು ವರ್ಷದಲ್ಲಿ ನಾನು ನೋಡಿರಲಿಲ್ಲ.

"ಇದೆ. ಅಲ್ಲಿ ವೇಡ್ ಲವಲೀ ಬರಬೇಕು."

ರೆಜಾನ್ ಕಂಪ್ಯೂಟರಿನ ಪರದೆಯ ಕಡೆ ಬಾಗಿದ. "ಲವಲೀ. ಲವಲೀ. ಹಾಂ." ಸ್ವಲ್ಪ ಹೊತ್ತು ಓದಿದ. "ಡೆಲ್ಬರ್ಟ್, ಇವನ ಮೇಲೆ ನಿನ್ನವೇ ಹನ್ನೊಂದು ವರದಿ ಇವೆ. ಹನ್ನೊಂದರಲ್ಲೂ ಒಂದೇ ಮಾತು. 'ಸಾಧಾರಣ.' 'ಸಾಧಾರಣ.' 'ಮೂಲೆಯಲ್ಲಿ ಮೆದು.' 'ಹೇಳುವಂಥದ್ದೇನಿಲ್ಲ.' ಇದು ಯಾರು ಬರೆದದ್ದು?"

"ನಾನೇ. ಆದ್ರೆ ಅದು ಹಾಗಲ್ಲ."

"ಮತ್ತೆ ಹೇಗೆ?"

"ಹೋದ ವರ್ಷ ನಮ್ಮಲ್ಲಿ ಸ್ಕೌಟ್ ಆಗಿದ್ದವನು ಈ ವರ್ಷ ಇನ್ನೊಂದು ತಂಡದಲ್ಲಿದಾನೆ. ಕಂಪ್ಯೂಟರಿಗೆ ಹಾಕಿದ್ದೆಲ್ಲ ಅವನ ತಲೇಲೂ ಇರತ್ತೆ. ಅದಕ್ಕೇ ಅಲ್ಲಿ ಬರೀಲಿಲ್ಲ." ಎನ್ಸಿ ಒಳಜೇಬಿನಿಂದ ಒಂದು ಸಣ್ಣ ಕಪ್ಪು ಪುಸ್ತಕ ತೆಗೆದ. ಅದಕ್ಕೆ ರಬ್ಬರ್ ಬ್ಯಾಂಡು ಹಾಕಿತ್ತು. "ನಿಜ ಇದರಲ್ಲಿದೆ."

ಕೋಣೆಯಲ್ಲಿ ಯಾರೋ ಕೆಮ್ಮಿದರು. ನಗುವಿಗೆ ತೀರ ಹತ್ತಿರದ ಕೆಮ್ಮು.

"ಅಂದ್ರೆ," ಎಂದ ರೆಜಾನ್, ಬಹಳ ಮೃದುವಾಗಿ, "ಎರಡು ವರ್ಷದಿಂದ ನಮ್ಮ ಸಂಬಳ ತಗೊಂಡು ನಮಗೇ ಸುಳ್ಳು ಬರೆದು ಕಳಿಸಿದೀಯ."

"ನಿಮಗಲ್ಲ. ಎಲ್ಲರಿಗೂ."

ಈ ಸಲ ಕೆಮ್ಮುವ ತೊಂದರೆಯನ್ನು ಯಾರೂ ತೆಗೆದುಕೊಳ್ಳಲಿಲ್ಲ. ನೇರವಾಗಿ ನಕ್ಕರು.

ಎನ್ಸಿ ನಗಲಿಲ್ಲ. ಪುಸ್ತಕ ಬಿಚ್ಚಿ ಓದತೊಡಗಿದ. ಆ ಹುಡುಗ ಎಡಕ್ಕೂ ಬಲಕ್ಕೂ ಒಂದೇ ವೇಗದಲ್ಲಿ ತಿರುಗುತ್ತಾನೆ, ಬಿಲ್ಲೆ ಬರುವ ಮೊದಲೇ ಎರಡು ಸಲ ಹೆಗಲ ಮೇಲಿಂದ ಹಿಂದೆ ನೋಡುತ್ತಾನೆ, ಬೆಂಚಿಗೆ ವಾಪಸ್ಸು ಬಂದವನು ಮೊದಲು ಪಕ್ಕದವನಿಗೆ ನೀರು ಕೊಡುತ್ತಾನೆ. ಅವನು ಓದುತ್ತ ಹೋದಂತೆ ಕೋಣೆ ಸುಮ್ಮನಾಯಿತು. ಅಷ್ಟು ಚೆನ್ನಾಗಿ ಒಬ್ಬ ಹುಡುಗನನ್ನು ನೋಡಿದ ಬರಹವನ್ನು ನಾನು ಬೇರೆ ಕೇಳಿಲ್ಲ. ಸ್ಟೆಫಾನ್ಸನ್‌ನ ಮೇಲೆ ಒಂಬತ್ತು ಜನ ಸೇರಿ ಬರೆದದ್ದೆಲ್ಲ ಅದರ ಮುಂದೆ ಬಟ್ಟೆ ಅಳತೆಯ ಚೀಟಿಯಂತಿತ್ತು. ರೆಜಾನ್ ಕೂಡ ಸ್ಟೆಫಾನ್ಸನ್‌ನ ಪಟ್ಟಿಯನ್ನು ಮೇಜಿನ ಮೇಲಿಟ್ಟ.

"ಮೂರನೇ ಅವಧಿಯಲ್ಲಿ?" ಎಂದು ಕೇಳಿದ. "ಮುಂದೆ ಇದ್ದಾಗ, ಹಿಂದೆ ಇದ್ದಾಗ, ಕಾಲು ಸೋತಾಗ? ಅದನ್ನೂ ಓದು."

ಎನ್ಸಿ ಪುಟ ತಿರುಗಿಸಿದ. ಇನ್ನೊಂದು ತಿರುಗಿಸಿದ.

"ಮೂರನೇದು ನೋಡಿಲ್ಲ."

"ಹನ್ನೊಂದರಲ್ಲಿ ಯಾವುದನ್ನೂ?"

"ಕೂತಿದ್ರೆ ಗೊತ್ತಾಗ್ತಿತ್ತು. ಅದಕ್ಕೇ ಎದ್ದು ಹೋಗ್ತಿದ್ದೆ." ಅವನ ಕತ್ತು ಕೆಂಪಾಯಿತು. "ರೇಡಿಯೋದಲ್ಲಿ ಕೇಳ್ತಿದ್ದೆ. ಚೆನ್ನಾಗೇ ಆಡ್ತಿದ್ದ."

"ಊರಿನ ರೇಡಿಯೋದಲ್ಲಿ ಊರಿನ ಹುಡುಗರು ಯಾವತ್ತು ಕೆಟ್ಟದಾಗಿ ಆಡಿದಾರೆ ಡೆಲ್ಬರ್ಟ್?" ರೆಜಾನ್ ನನ್ನ ಕಡೆ ತಿರುಗಿದ. "ಓರೆಸ್ಟ್, ನಿನ್ನದೂ ಐದು ವರದಿ ಇದೆ ಇಲ್ಲಿ. ನೀನು ಕೊನೇವರೆಗೂ ಕೂತವನು. ಹೇಳು."

ಎನ್ಸಿ ನನ್ನನ್ನು ನೋಡಿದ. ನಾಯಿ ನೋಡುವ ಹಾಗೆ ಎಂದು ಬರೆದರೆ ನಾಯಿಗೆ ಅವಮಾನ. ನಾಯಿ ಹಾಗೆ ಅಂಗಲಾಚುವುದಿಲ್ಲ.

ನಾನು ಕಂಡದ್ದನ್ನು ಹೇಳಿದೆ. ಕಂಡದ್ದು ನಿಜವಾಗಿತ್ತು. ಐದು ಆಟ, ಐದೂ ಸಲ ಹುಡುಗ ಮೂಲೆಗೆ ಅರ್ಧ ದಾರಿ ಹೋಗಿ ವಾಪಸ್ಸು ಬಂದ. ಬೇಕಾದರೆ ತಾರೀಖು ಕೊಡುತ್ತೇನೆ ಎಂದೂ ಹೇಳಿದೆ. ತಾರೀಖು ಕೊಡುತ್ತೇನೆ ಎನ್ನುವ ಅಗತ್ಯವಿರಲಿಲ್ಲ. ನನ್ನ ಒಪ್ಪಂದವೂ ಜೂನ್ ಮೂವತ್ತಕ್ಕೇ ಮುಗಿಯುತ್ತಿತ್ತು, ಅದಕ್ಕೆ ಹೇಳಿದೆ.

"ನಾನು ನೋಡಿದ್ದು ಆ ಹುಡುಗನಲ್ಲಿ ಇಲ್ಲದೇ ಇದ್ದದ್ದಾ ಹಾಗಾದ್ರೆ?" ಎಂದ ಎನ್ಸಿ, ನನ್ನನ್ನೇ ಕೇಳುತ್ತ.

"ನಲವತ್ತು ನಿಮಿಷ ಇತ್ತು ಎನ್ಸಿ," ಎಂದೆ. "ಆಟ ಅರವತ್ತು ನಿಮಿಷದ್ದು."

ಯಾರೋ ಭೇಷ್ ಎಂದರು. ರೆಜಾನ್ ಸ್ಟೆಫಾನ್ಸನ್‌ನ ಹೆಸರನ್ನು ಹಲಗೆಗೆ ಅಂಟಿಸಿದ. ಅಯಸ್ಕಾಂತ ಟಪ್ ಎಂದಿತು. ಎನ್ಸಿ ಪುಸ್ತಕಕ್ಕೆ ರಬ್ಬರ್ ಬ್ಯಾಂಡ್ ಹಾಕಲು ಹೋದ, ಅದು ಕಿತ್ತುಹೋಯಿತು. ಅದರ ತುಂಡನ್ನು ಎಲ್ಲಿ ಹಾಕುವುದೆಂದು ತಿಳಿಯದೆ ಸಭೆ ಮುಗಿಯುವವರೆಗೆ ಕೈಯಲ್ಲೇ ಹಿಡಿದುಕೊಂಡಿದ್ದ.

ಜೂನ್ ಕೊನೆಗೆ ಡ್ರಾಫ್ಟ್ ನಡೆಯಿತು. ಇನ್ನೂರ ಇಪ್ಪತ್ತನಾಲ್ಕು ಹೆಸರುಗಳನ್ನು ಕೂಗಿದರು. ಸ್ಟೆಫಾನ್ಸನ್ ಮೂರನೆಯ ಸುತ್ತಿನಲ್ಲಿ ನಮಗೆ ಬಂದ. ತಾಯಿ ಎದ್ದು ನಿಂತಾಗ ಹಿಂದಿನ ಸಾಲಿನವರಿಗೆ ವೇದಿಕೆ ಕಾಣಲಿಲ್ಲ. ಲವಲೀಯ ಹೆಸರನ್ನು ಯಾರೂ ಕೂಗಲಿಲ್ಲ. ಎನ್ಸಿ ಅವನನ್ನು ಎಷ್ಟು ಚೆನ್ನಾಗಿ ಮುಚ್ಚಿಟ್ಟಿದ್ದನೆಂದರೆ, ಮೂವತ್ತೆರಡು ತಂಡಗಳಲ್ಲಿ ಒಂದು ತಂಡವೂ ಆ ಹುಡುಗನನ್ನು ಕರೆದು ಐದು ನಿಮಿಷ ಮಾತಾಡಿಸಿರಲಿಲ್ಲ. ಕೆಲಸವೆಂದು ನೋಡಿದರೆ ಅದು ಎನ್ಸಿಯ ಜೀವಮಾನದ ಅತ್ಯುತ್ತಮ ಕೆಲಸ.

ಮೂವತ್ತನೇ ತಾರೀಖು ಅವನ ಒಪ್ಪಂದ ಮುಗಿಯಿತು. ನನ್ನದನ್ನು ಎರಡು ವರ್ಷಕ್ಕೆ ಮುಂದುವರಿಸಿದರು.

ಜುಲೈ ಎರಡನೆಯ ವಾರ ಅವನೇ ಫೋನ್ ಮಾಡಿದ. ಸಭೆಯ ಮಾತೆತ್ತಲಿಲ್ಲ. "ಸ್ಟೋನಿಬೆಂಡಿಗೆ ಹೋಗಬೇಕು. ಬರ್ತೀಯಾ?"

"ಏನಕ್ಕೆ?"

"ಹುಡುಗನಿಗೆ ಹೇಳಬೇಕು. ಅವನಿಗೆ ಇನ್ನೊಂದು ವರ್ಷ ಇದೆ. ಮುಂದಿನ ಡ್ರಾಫ್ಟಿಗೂ ಅವನ ಹೆಸರು ಬರಬಹುದು. ಆಡು, ಬಿಡಬೇಡ ಅಂತ ಹೇಳಬೇಕು. ನಾನು ನೋಡಿದವರಲ್ಲಿ ನೀನೇ ಒಳ್ಳೆಯವನು ಅಂತಾನೂ ಹೇಳಬೇಕು. ಈಗ ಹೇಳಿದ್ರೆ ಯಾರಿಗೂ ನಷ್ಟ ಇಲ್ವಲ್ಲ."

"ಒಬ್ಬನೇ ಹೋಗು."

"ಹೋಗ್ಬಹುದಿತ್ತು," ಎಂದ. "ಇಂಥದ್ದು ಮಾತಾಡಿ ಅಭ್ಯಾಸ ಇಲ್ಲ ಕಣೋ."

ಸಾಸಿವೆ ಹೊಲಗಳು ಹಳದಿಯಾಗಿದ್ದವು. ಎನ್ಸಿ ಬರಿದಲೆಯಲ್ಲಿದ್ದ, ಅವನಿಗೆ ಹಣೆ ಇಷ್ಟು ದೊಡ್ಡದಿದೆ ಎಂದು ನನಗೆ ಗೊತ್ತಿರಲಿಲ್ಲ. ರಿಂಕಿನ ಬಾಗಿಲಿಗೆ ಬೇಸಿಗೆಯ ಬೀಗ ಬಿದ್ದಿತ್ತು. ಅದನ್ನು ದಾಟಿ ಕಾಲು ಮೈಲಿ ಹೋದರೆ ನೆಟ್ಟಿ ಫ್ರೀಸನ್‌ಳ ಮನೆ.

ಯಾವ ತಂಡ ಎಂದು ಹೇಳದೆ, ಹಾಕಿಯವರು, ವೇಡ್‌ನನ್ನು ನೋಡಬೇಕು ಎಂದೆವು. ನೆಟ್ಟಿ ನಮ್ಮನ್ನು ಮೇಲಿಂದ ಕೆಳಗೆ ನೋಡಿ, ಕೊನೆಗೆ ಜಗಲಿಯ ಕುರ್ಚಿ ತೋರಿಸಿದಳು. ರೂಬಾರ್ಬ್ ಎಂಬ ಹುಳಿದಂಟು ಹಾಕಿ ಬೇಯಿಸಿದ ಪ್ಲಾಟ್ಸ್ ಕೇಕು ತಂದಿಟ್ಟಳು. ಸಿಟ್ಟಿದ್ದರೂ ನಮ್ಮ ಕಡೆಯ ಹೆಂಗಸರು ತಟ್ಟೆ ಖಾಲಿ ಇಡುವುದಿಲ್ಲ.

"ಸ್ನಾನ ಮಾಡ್ತಿದಾನೆ. ಈಗಷ್ಟೇ ಗಣಿಯಿಂದ ಬಂದ."

"ಯಾವ ಗಣಿ?" ಎಂದ ಎನ್ಸಿ.

"ಪೊಟ್ಯಾಶ್, ಗೊಬ್ಬರದ ಉಪ್ಪು. ನೆಲದೊಳಗೆ ಒಂದು ಕಿಲೋಮೀಟರ್. ಜುಲೈ ಒಂದಕ್ಕೆ ಸೇರಿದ. ನಾಲ್ಕು ವರ್ಷದ ತರಬೇತಿಗೆ ಸಹಿ ಹಾಕಿದಾನೆ. ಕೋಚ್ ಮೂರು ಸಲ ಮನೆಗೆ ಬಂದು ಬೇಡಿಕೊಂಡ, ಇನ್ನೊಂದು ವರ್ಷ ಆಡು ಅಂತ. ಇವನು ಸ್ಕೇಟನ್ನೇ ಯಾರಿಗೋ ಕೊಟ್ಟುಬಿಟ್ಟಿದ್ದ."

"ಯಾಕೆ ಬಿಟ್ಟ?"

"ಯಾಕೆ?" ನೆಟ್ಟಿ ಎದುರು ಕುರ್ಚಿಯಲ್ಲಿ ಕೂತಳು. "ನೀವು ಹಾಕಿಯವರು ಅಂದ್ರಲ್ಲ. ನಿಮ್ಮಲ್ಲಿ ಒಬ್ಬ ಇದಾನಂತೆ, ಕಂದು ಟೋಪಿಯವನು. ಕಿವಿ ಮುಚ್ಚೋ ಟೋಪಿ. ಗೊತ್ತಾ ನಿಮಗೆ?"

ನಾನು ತಟ್ಟೆ ನೋಡಿದೆ. ಎನ್ಸಿ ಪ್ಲಾಟ್ಸ್‌ನ ಒಂದು ತುಂಡು ಎತ್ತಿ ಕಚ್ಚಿದ.

"ಆ ಟೋಪಿ ಇವನ ಆಟಕ್ಕೆ ಹನ್ನೊಂದು ಸಲ ಬಂದಿತ್ತು. ಲೆಕ್ಕ ಇಟ್ಟಿದ್ದ, ಪಾಪ. ಮೊದಲನೇ ಸಲ ಊಟಕ್ಕೆ ಕೂತಾಗ ಎಷ್ಟು ಖುಷಿ! 'ನೆಟ್ಟಿ ಅತ್ತೆ, ನನ್ನ ನೋಡೋಕೆ ಅಂತ ಒಬ್ಬರು ಬಂದಿದ್ರು, ಮತ್ತೆ ಬರ್ತಾರೆ' ಅಂದ. ಮತ್ತೆ ಬಂತು. ಮತ್ತೆ ಎರಡನೇದರಲ್ಲಿ ಎದ್ದು ಹೋಯ್ತು. ಪ್ರತಿ ಸಲ. ಬೆಂಚಲ್ಲಿ ಕೂತವನು ಮೇಲೆ ನೋಡ್ತಿದ್ದ, ಟೋಪಿ ಇದೆಯಾ ಅಂತ. ಇಲ್ಲ ಅಂದ್ರೆ ಮುಗೀತು. ಆಮೇಲಿನ ಇಪ್ಪತ್ತು ನಿಮಿಷ ಇವನ ಕಾಲೇ ಏಳ್ತಿರಲಿಲ್ಲ. ನಾನು ಕೂಗಿ ಕೂಗಿ ಗಂಟಲು ಹರಿದುಕೊಂಡೆ."

"ಟೋಪಿ ಬರದ ದಿನ?" ಎಂದು ನಾನು ಕೇಳಿದೆ. ಕೇಳದಿದ್ದರೆ ಚೆನ್ನಾಗಿತ್ತು.

"ಬರದ ದಿನ ಮೂರನೇದರಲ್ಲೇ ಇವನು ಗೋಲು ಹೊಡೀತಿದ್ದದ್ದು. ಮೂಲೇಲಿ ಮೂರು ಜನರ ಅಡಿಯಿಂದ ಬಿಲ್ಲೆ ಎತ್ತಿಕೊಂಡು ಬರೋನು. ಮೂಗು ಒಡೆದುಕೊಂಡು ಬಂದಿದ್ದ ಒಂದಿನ, ಆಸ್ಪತ್ರೆಗೆ ನಾನೇ ಕರ್ಕೊಂಡು ಹೋಗಿದ್ದೆ. ಆ ದಿನ ಯಾರೂ ಇರಲಿಲ್ಲ ನೋಡೋಕೆ."

ಎನ್ಸಿ ಕೈಯಲ್ಲಿದ್ದ ಪ್ಲಾಟ್ಸ್ ತುಂಡನ್ನು ಕೆಳಗಿಟ್ಟ. ಅದರ ಅಂಚುಗಳನ್ನು ಬೆರಳಿಂದ ಸರಿಮಾಡಿದ, ಕಚ್ಚದೆ ಇದ್ದದ್ದರಂತೆ ಕಾಣಲಿ ಎಂಬ ಹಾಗೆ.

ಬಾಗಿಲು ತೆರೆಯಿತು. ವೇಡ್ ಲವಲೀ ಒದ್ದೆ ತಲೆಯಲ್ಲಿ ಹೊರಗೆ ಬಂದ. ರಿಂಕಿನ ಹೊರಗೆ ಅವನು ಇನ್ನೂ ಚಿಕ್ಕವನಂತೆ ಕಂಡ. ಕಿವಿಯ ಹಿಂದೆ ಗಣಿಯ ಗುಲಾಬಿ ಧೂಳು ಉಳಿದಿತ್ತು. ನಮ್ಮಿಬ್ಬರ ಕೈ ಕುಲುಕಿದ. ಎನ್ಸಿಯ ಮುಖವನ್ನು ನೇರವಾಗಿ ನೋಡಿದ, ಗುರುತು ಹತ್ತಲಿಲ್ಲ. ಟೋಪಿಯ ಕೆಳಗೆ ಒಂದು ಮುಖವೂ ಇದ್ದಿರಬಹುದೆಂದು ಅವನು ಯೋಚಿಸಿಯೇ ಇರಲಿಲ್ಲ.

"ಇನ್ನೊಂದು ವರ್ಷ ಆಡಬಹುದಿತ್ತಲ್ಲಪ್ಪ," ಎಂದೆ, ಎನ್ಸಿ ಬಾಯಿ ತೆರೆಯದ್ದನ್ನು ನೋಡಿ.

"ಬೇಡ ಸರ್. ಇನ್ನೊಂದು ವರ್ಷ ಮೇಲೆ ನೋಡ್ತಾ ಕೂರೋದಾ?" ನಕ್ಕ. ಕಹಿ ಇರಲಿಲ್ಲ ಅದರಲ್ಲಿ. ಇದ್ದಿದ್ದರೆ ಅವನನ್ನು ಒಪ್ಪಿಸಲು ಏನಾದರೂ ಸಿಗುತ್ತಿತ್ತು. "ಗಣಿಯಲ್ಲಿ ಚೆನ್ನಾಗಿದೆ. ಕೆಳಗೆ ಕತ್ತಲೆ. ಯಾರು ನೋಡ್ತಿದಾರೆ, ಯಾರು ಎದ್ದು ಹೋದರು ಅಂತ ಇಲ್ಲ."

ಹುಡುಗ ಮತ್ತೆ ಕೇಳಿದ, "ಒಂದು ಕೇಳ್ಲಾ? ನೀವು ಹಾಕಿಯವರು ಅಂದ್ರೆ ಎಲ್ಲರೂ ಒಬ್ಬರಿಗೊಬ್ಬರು ಗೊತ್ತಿರ್ತೀರ. ಆ ಟೋಪಿಯವರು ಯಾರು ಅಂತ ಗೊತ್ತಾ ನಿಮಗೆ?"

ಅವನು ಎನ್ಸಿಯನ್ನೇ ಕೇಳಿದ.

"ಇಲ್ಲ," ಎಂದ ಎನ್ಸಿ. "ಗೊತ್ತಿಲ್ಲ."

ರಿಂಕ್ ಅಲ್ಲಿಂದ ಕಾಲು ಮೈಲಿ ದೂರವಿತ್ತು.

"ಅವರಿಗೆ ನನ್ನಲ್ಲಿ ಏನು ಕಮ್ಮಿ ಕಂಡಿರಬಹುದು ಸರ್? ಸುಮ್ನೆ ಕೇಳ್ತಿದೀನಿ. ಒಂದು ಸಲ ಅಲ್ಲ, ಹನ್ನೊಂದು ಸಲ. ಏನೋ ಕಂಡಿರಬೇಕಲ್ಲ."

ಎನ್ಸಿ ಅವನ ಪಾದಗಳನ್ನು ನೋಡಿದ, ಅಭ್ಯಾಸಬಲ. ಆಮೇಲೆ ಹೇಳಿದ, "ಎತ್ತರ ಇರಬಹುದು."

"ಎತ್ತರಾನಾ?" ಹುಡುಗನ ಭುಜ ಸಡಿಲವಾದದ್ದು ಕಣ್ಣಿಗೆ ಕಂಡಿತು. "ಅಷ್ಟೇನಾ? ನಾನು ಇನ್ನೇನೋ ಅಂದುಕೊಂಡಿದ್ದೆ. ಎತ್ತರಕ್ಕೆ ಏನು ಮಾಡೋಕಾಗತ್ತೆ." ನೆಟ್ಟಿಯ ಕಡೆ ತಿರುಗಿ, "ಕೇಳಿದ್ರಾ ಅತ್ತೆ? ಎತ್ತರವಂತೆ," ಎಂದ. ಪ್ಲಾಟ್ಸ್‌ನ ಎರಡು ತುಂಡು ಒಟ್ಟಿಗೆ ಎತ್ತಿಕೊಂಡು, ನಾಳೆ ಬೆಳಗಿನ ಪಾಳಿ, ಮಲಗಬೇಕು ಎಂದು ಹೇಳಿ, ಮತ್ತೊಮ್ಮೆ ಕೈ ಕುಲುಕಿ ಒಳಗೆ ಹೋದ.

ಹೇಳಲು ಬಂದದ್ದನ್ನು ಎನ್ಸಿ ಹೇಳಲಿಲ್ಲ. ಹೇಳಿದ್ದರೆ, ನೀನು ಎಲ್ಲರಿಗಿಂತ ಒಳ್ಳೆಯವನಿದ್ದೆ, ಅದಕ್ಕೇ ನಾನು ಎದ್ದು ಹೋದೆ ಎನ್ನಬೇಕಿತ್ತು. ಅದನ್ನು ಕೇಳಿಕೊಂಡು ನಾಲ್ಕು ವರ್ಷ ನೆಲದೊಳಗೆ ಇಳಿಯಬೇಕಾದವನು ಎನ್ಸಿಯಲ್ಲ.

ಪಿಕಪ್ ಹತ್ತಿ ಹೊರಟೆವು. ಹೆದ್ದಾರಿಯ ಪಕ್ಕ ಹೊಸ ಬೋರ್ಡಿಗೆ ಗುಂಡಿ ತೋಡುತ್ತಿದ್ದರು. ಸ್ಟೆಫಾನ್ಸನ್‌ನದು.

"ಬಾಬ್ಸ್," ಎಂದ ಎನ್ಸಿ, ಅದನ್ನು ದಾಟಿದ ಮೇಲೆ. "ನೀನು ಕೂತಿದ್ದೆಯಲ್ಲ. ಮೂರನೇದರಲ್ಲಿ ಹೇಗಿರ್ತಿದ್ದ ಅವನು?"

"ಐದು ಸಲ ಬರೆದಿದೀನಲ್ಲೋ. ಸಭೇಲೂ ಹೇಳಿದೆ."

"ಅದಲ್ಲ. ಒಂದು ಸಲ. ಒಂದೇ ಸಲ, ಯಾವುದೋ ಒಂದು ತಿರುವು, ಒಂದು ಪಾಸು. ಏನಾದ್ರೂ ಇದ್ದಿರತ್ತೆ."

ನಾನು ಯೋಚಿಸಿದೆ. ಫೆಬ್ರವರಿಯಲ್ಲಿ ಒಂದು ದಿನ, ಎಂದು ಶುರುಮಾಡಿದೆ. ಮೂಲೆಯಲ್ಲಿ ಮೂವರ ನಡುವೆ ನುಗ್ಗಿ, ಬಿಲ್ಲೆಯನ್ನು ರಿಂಕಿನ ಅಂಚಿನ ಹಲಗೆಗೋಡೆಗೆ ತಾಗಿಸಿ ತಾನೇ ಎತ್ತಿಕೊಂಡು, ಬಿದ್ದವನ ಮೇಲಿಂದ ಹಾರಿ ಹೊರಗೆ ಬಂದ ಎಂದೆ. ವಿವರಗಳನ್ನು ಕೂಡಿಸಿದೆ. ಜನ ಎದ್ದು ನಿಂತರು ಎಂದೆ.

ಎನ್ಸಿ ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದ.

"ಇಪ್ಪತ್ತು ವರ್ಷ ನನ್ನ ಪಕ್ಕ ಕೂತಿದೀಯ," ಎಂದ ಆಮೇಲೆ. "ಇನ್ನೂ ಸುಳ್ಳು ಹೇಳೋಕೆ ಬರಲ್ಲ ನಿನಗೆ."

ಸ್ವಲ್ಪ ದೂರ ಹೋದ ಮೇಲೆ ಕೇಳಿದ, "ಹೊರಗೆ ಬಂದವನು ಯಾವ ಕಡೆ ತಿರುಗಿದ? ಎಡಕ್ಕಾ, ಬಲಕ್ಕಾ?"

"ಎಡಕ್ಕೆ," ಎಂದೆ.

"ಹಾಂ," ಎಂದ. "ಎಡಕ್ಕೇ ತಿರುಗಬೇಕು ಅಲ್ಲಿ."